ರಕ್ತಪಿಶಾಚಿ ಪತ್ತೇದಾರ, ಏನೂ ಅರಿಯದ ಜೊತೆಗಾರ

ಲಂಡನ್ನಿನ ರಕ್ತಪಿಶಾಚಿ ಪತ್ತೇದಾರನಿಗೆ ಇಷ್ಟವಿಲ್ಲದಿದ್ದರೂ ಒಬ್ಬ ಜೊತೆಗಾರನನ್ನು ಗಂಟುಹಾಕಿದ್ದೀರಿ; ಗುಟ್ಟು ತಿಳಿಯದ ಆ ಜೊತೆಗಾರ ಮೂರನೇ ಅಧ್ಯಾಯಕ್ಕೇ ಪೆದ್ದನಂತೆ ಕಾಣುತ್ತಾನೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಮೊದಲು ಕಥೆ ನಡೆಯುವ ತಿಂಗಳು ಗೊತ್ತುಮಾಡಿ. ಅಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ 9.20ರ ಸುಮಾರಿಗೆ, ಹುಟ್ಟುವುದು 4.45ಕ್ಕೆ. ಡಿಸೆಂಬರ್‌ನಲ್ಲಾದರೆ ಸಂಜೆ 4ರಿಂದ ಬೆಳಗ್ಗೆ 8ರವರೆಗೆ, ಅವನಿಗೆ ಓಡಾಡಲು 16 ಗಂಟೆ ಕತ್ತಲೆ ಸಿಗುತ್ತದೆ. ನವೆಂಬರ್‌ನಲ್ಲಿ ಶುರುಮಾಡಿದರೆ ನೈಟ್ ಶಿಫ್ಟ್ ಅನ್ನುವ ಒಂದೇ ನೆಪ ಸಾಕು. ಏಪ್ರಿಲ್ ಹೊತ್ತಿಗೆ ಅದು ತಾನಾಗಿಯೇ ಸವೆಯುತ್ತದೆ. ಅಂದಹಾಗೆ, ಬಿಸಿಲಿಗೆ ಸಾಯಲೇಬೇಕೆಂದೇನಿಲ್ಲ. 1897ರ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕುಂದಿರುತ್ತದೆ. ಬೆಳಗಿನ ಬಿಸಿಲಿಗೆ ಕರಗಿಹೋಗುವುದು 1922ರ ಮೂಕಿಚಿತ್ರ 'ನೊಸ್ಫೆರಾಟು'ವಿನಿಂದ ಬಂದದ್ದು.

ನಿಜವಾದ ತೊಡಕು ಹೊಸ್ತಿಲು. ರಕ್ತಪಿಶಾಚಿ ಕರೆಯದೆ ಒಳಗೆ ಕಾಲಿಡುವಂತಿಲ್ಲ ಅಂದಮೇಲೆ ವಿಚಾರಣೆಗೆ ಹೋದ ಪ್ರತಿ ಮನೆಯಲ್ಲೂ ಪತ್ತೇದಾರ ಸಿಕ್ಕಿಬೀಳಬೇಕು. ಜೊತೆಗಾರ ಸೀದಾ ನಡುಮನೆಗೆ ನುಗ್ಗಲಿ, ಇವನು ಕಾಲೊರೆಸಿನ ಮೇಲೆ ಬೂಟು ಉಜ್ಜುತ್ತಲೇ ಇರಲಿ, ಮನೆಯಾಕೆ "ಅಯ್ಯೋ, ಒಳಗೆ ಬನ್ನಿ" ಅನ್ನುವವರೆಗೆ. ಜೊತೆಗಾರ ಅದನ್ನು ಹಳೇಕಾಲದ ಸಭ್ಯತೆ ಅಂದುಕೊಳ್ಳುತ್ತಾನೆ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಜೊತೆಗಾರ ಗಮನಿಸದವನಾಗಬಾರದು, ಎಲ್ಲವನ್ನೂ ಗಮನಿಸಿ ತಪ್ಪು ಲೆಕ್ಕ ಹಾಕುವವನಾಗಬೇಕು. ಊಟ ಮುಟ್ಟದ್ದು, ಕೈ ತಣ್ಣಗಿರುವುದು, ಹಗಲು ಫೋನ್ ಎತ್ತದ್ದು, ಮೂರನ್ನೂ ಕೂಡಿಸಿ 'ಪಾಪ, ಏನೋ ದೊಡ್ಡ ಕಾಯಿಲೆ' ಅಂತ ತೀರ್ಮಾನಿಸಲಿ.

ರಕ್ತಪಿಶಾಚಿ ಕನ್ನಡಿಯಲ್ಲಿ ಕಾಣಿಸುವುದಿಲ್ಲ ಅನ್ನುವ ನಿಯಮ ಇಟ್ಟುಕೊಂಡರೆ ಕಾರಿನಲ್ಲಿ ಪತ್ತೇದಾರನನ್ನು ಹಿಂದಿನ ಸೀಟಿಗೆ ಮಾತ್ರ ಕಳಿಸಬೇಡಿ. ಡ್ರೈವರ್ ಒಮ್ಮೆ ಕಣ್ಣೆತ್ತಿ ಹಿನ್ನೋಟದ ಕನ್ನಡಿ ನೋಡಿದರೆ ಮುಗಿಯಿತು.