ಮಾರ್ಚ್ ತಿಂಗಳ ಖರೀದಿ, ಫೆಬ್ರುವರಿಯ ಲೆಕ್ಕ

ಓದುಗರ ಪತ್ರ: ಅಮೆರಿಕನ್ ಫುಟ್‌ಬಾಲ್‌ನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ 2025ರ ಮಾರ್ಚ್‌ನಲ್ಲಿ ಮಾಡಿದ ಭರ್ಜರಿ ಖರೀದಿಯನ್ನು ನಿಮ್ಮ ಕ್ರೀಡಾ ಪುಟ ‘ಜಾಣ ವ್ಯಾಪಾರ’ ಎಂದು ಹೊಗಳಿದೆ. ಮಗಳು ಬಾಸ್ಟನ್ ಬಳಿ ಇರುವುದರಿಂದ ಆ ಆಟವನ್ನು ನಾನೂ ತಕ್ಕಮಟ್ಟಿಗೆ ಬಲ್ಲೆ. 2011ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಇದನ್ನೇ ಮಾಡಿ ಮುಖಭಂಗ ಅನುಭವಿಸಲಿಲ್ಲವೇ? ಬೇರೆಯವರು ಬೆಳೆಸಿದ ಆಟಗಾರರನ್ನು ಹಣವಂತರು ಎತ್ತಿಕೊಂಡು ಹೋಗುವ ಈ ಪದ್ಧತಿ ನಮ್ಮ ಐಪಿಎಲ್ ಹರಾಜಿಗಿಂತ ಯಾವ ರೀತಿ ಮೇಲು? ಅಷ್ಟೆಲ್ಲ ಸುರಿದೂ ಫೈನಲ್ ಸೋತರು. ಇಂಥದ್ದಕ್ಕೆ ಒಂದೂವರೆ ಪುಟ ಕೊಡುವ ನೀವು ಕಬಡ್ಡಿಗೆ ಎಷ್ಟು ಕೊಟ್ಟಿದ್ದೀರಿ?
— ದಾವಣಗೆರೆಯ ಓದುಗರೊಬ್ಬರು

ಸಂಪಾದಕರ ಉತ್ತರ:

ಮಾನ್ಯರೇ,

ಪತ್ರ ಖಾರವಾಗಿದೆ, ಓದಿ ಖುಷಿಯಾಯಿತು. ಈಗಲ್ಸ್ ಉದಾಹರಣೆ ಹಿಡಿದು ಬಂದಿದ್ದೀರಿ, ಅಲ್ಲಿಂದಲೇ ಹೊರಡುತ್ತೇನೆ. ಆ ಉದಾಹರಣೆ ನೀವು ತಿಳಿದಷ್ಟು ನಿಮ್ಮ ಪರವಾಗಿಲ್ಲ.

2011ರಲ್ಲಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಜಗಳವಾಗಿ ಮಾರ್ಚ್‌ನಿಂದ ಜುಲೈ 25ರವರೆಗೆ ಲೀಗ್‌ಗೆ ಬೀಗ ಬಿದ್ದಿತ್ತು. ಬೀಗ ತೆರೆದ ಮೇಲೆ ಕೆಲವೇ ದಿನಗಳಲ್ಲಿ ಈಗಲ್ಸ್ ಸಿಕ್ಕಸಿಕ್ಕ ಹೆಸರುಗಳನ್ನೆಲ್ಲ ಬಾಚಿಕೊಂಡಿತು. ಓಕ್ಲೆಂಡ್‌ನಿಂದ ಬಂದ ನಾಮ್ಡಿ ಅಸೊಮುವಾಗೆ ಐದು ವರ್ಷಕ್ಕೆ 6 ಕೋಟಿ ಡಾಲರ್. ಓಕ್ಲೆಂಡ್‌ನಲ್ಲಿ ಆತನ ಕೆಲಸ ಸರಳವಾಗಿತ್ತು: ಮೈದಾನದ ಒಂದು ಬದಿಯಲ್ಲಿ ನಿಂತು ಎದುರಾಳಿ ರಿಸೀವರ್‌ನ, ಅಂದರೆ ಎಸೆದ ಚೆಂಡು ಹಿಡಿಯುವವನ, ಬೆನ್ನು ಬಿಡದೆ ಕಾಯುವುದು. ಆ ಬದಿಗೆ ಚೆಂಡು ಎಸೆಯಲು ಎದುರಾಳಿಗಳು ಹಿಂಜರಿಯುತ್ತಿದ್ದರು. ಫಿಲಡೆಲ್ಫಿಯಾ ಅಂಥವನನ್ನು ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ನಿಲ್ಲಿಸಿ, ಮನುಷ್ಯನನ್ನು ಬಿಟ್ಟು ಜಾಗ ಕಾಯುವ ಕೆಲಸ ಕೊಟ್ಟಿತು. ಹಾಗೆ ಆಡಿಸಿದವರು ಯಾರು? ಅದೇ ವರ್ಷ ರಕ್ಷಣಾ ವಿಭಾಗದ ಹೊಣೆ ಹೊತ್ತ ವಾನ್ ಕಾಸ್ಟಿಲ್ಲೊ. ಅದಕ್ಕೆ ಮೊದಲು ಅವರು ವರ್ಷಗಟ್ಟಲೆ ಮಾಡಿದ್ದು ಆಕ್ರಮಣ ವಿಭಾಗದ ತಡೆಗಾರರಿಗೆ ಪಾಠ ಹೇಳುವ ಕೆಲಸ. ಬದಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವವನು) ವಿನ್ಸ್ ಯಂಗ್ ಬಾಯಿತಪ್ಪಿ ‘ಡ್ರೀಮ್ ಟೀಮ್’ ಎಂದದ್ದನ್ನು ಪತ್ರಿಕೆಗಳು ಇವತ್ತಿಗೂ ಬಿಟ್ಟಿಲ್ಲ, ನೀವೂ ಬಿಟ್ಟಿಲ್ಲ. ಮೊದಲ ಐದರಲ್ಲಿ ನಾಲ್ಕು ಸೋತ ತಂಡ ಕೊನೆಗೆ ಎಂಟು ಗೆದ್ದು ಎಂಟು ಸೋತಿತು. ಮರುವರ್ಷ ಗೆದ್ದದ್ದು ನಾಲ್ಕೇ. ಕಾಸ್ಟಿಲ್ಲೊ ಸೀಸನ್ ನಡುವೆಯೇ ಮನೆಗೆ ಹೋದರು, ಮುಖ್ಯ ಕೋಚ್ ಆಂಡಿ ರೀಡ್ ಸೀಸನ್ ಮುಗಿದ ಮೇಲೆ. ಇದೇ ರೀಡ್ ಮುಂದೆ ಕಾನ್ಸಾಸ್ ಸಿಟಿ ತಂಡಕ್ಕೆ ಮೂರು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದುಕೊಟ್ಟರು. ಕೋಚ್ ದಡ್ಡರಾಗಿರಲಿಲ್ಲ, ಕೊಂಡ ಆಟಗಾರನೂ ಕಳಪೆಯಾಗಿರಲಿಲ್ಲ. ನಡುವೆ ನಿಂತು ಕಲಿಸಬೇಕಾದವರು ತಾವೇ ಕಲಿಯುತ್ತಿದ್ದರು, ಅಷ್ಟೆ.

ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿದ್ದರೆ ಪೇಟ್ರಿಯಟ್ಸ್ ಮನೆಯಲ್ಲೇ ಇತ್ತು. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಬಿಟ್ಟುಹೋದ ಮೇಲೆ 2020ರಲ್ಲಿ ಏಳು ಗೆದ್ದು ಒಂಬತ್ತು ಸೋತ ಈ ತಂಡ 2021ರ ಮಾರ್ಚ್‌ನಲ್ಲಿ, ಒಪ್ಪಂದ ಮುಗಿದ ಆಟಗಾರರ ಮಾರುಕಟ್ಟೆ ತೆರೆದಾಗ, ಚೀಲ ಬಿಚ್ಚಿತ್ತು. ಮ್ಯಾಥ್ಯೂ ಜೂಡಾನ್, ಹಂಟರ್ ಹೆನ್ರಿ, ಜಾನು ಸ್ಮಿತ್, ನೆಲ್ಸನ್ ಆಗೊಲಾರ್, ಕೆಂಡ್ರಿಕ್ ಬೋರ್ನ್: ಒಂದೇ ವಾರದಲ್ಲಿ ಸಂತೆ ಮುಗಿಸಿದಂತೆ. ಕೋವಿಡ್‌ನಿಂದ ಆ ವರ್ಷ ವೇತನ ಮಿತಿ (ತಂಡವೊಂದು ಆಟಗಾರರ ಮೇಲೆ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ) 18.25 ಕೋಟಿ ಡಾಲರ್‌ಗೆ ಇಳಿದು ಉಳಿದ ತಂಡಗಳ ಕೈ ಕಟ್ಟಿದ್ದಾಗ ಕೋಚ್ ಬಿಲ್ ಬೆಲಿಚೆಕ್ ಹೂಡಿದ ದಾಳ ಅದು. ಹತ್ತು ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋದರು. ಅಲ್ಲಿ ಬಫಲೋ 47–17ರಿಂದ ಅಟ್ಟಾಡಿಸಿತು. ಜೂಡಾನ್ ಕೊಟ್ಟ ಹಣಕ್ಕೆ ಮೋಸ ಮಾಡಲಿಲ್ಲ, ಎರಡನೇ ವರ್ಷ 15.5 ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಗಳಿಸಿದ. ಆದರೆ ಆಕ್ರಮಣದ ಸೂತ್ರಧಾರ ಕೋಚ್ ಜಾಷ್ ಮೆಕ್‌ಡೇನಿಯಲ್ಸ್ 2022ರಲ್ಲಿ ಲಾಸ್ ವೇಗಸ್ ತಂಡಕ್ಕೆ ಹೋದಾಗ ಆ ಜಾಗಕ್ಕೆ ಬೆಲಿಚೆಕ್ ತಂದು ಕೂರಿಸಿದ್ದು ರಕ್ಷಣೆಯಲ್ಲಿ ಹೆಸರು ಮಾಡಿದ್ದ ಮ್ಯಾಟ್ ಪಟ್ರೀಷಿಯಾ ಅವರನ್ನು. ಈಗಲ್ಸ್ ಕತೆಯೇ, ಎಡ ಬಲ ಅದಲುಬದಲು. ಚೊಚ್ಚಲ ವರ್ಷ ಚೆನ್ನಾಗಿ ಆಡಿದ್ದ ಹುಡುಗ ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್ ಅಲ್ಲಿಂದ ಕುಸಿದವನು ಆ ತಂಡದಲ್ಲಿ ಮತ್ತೆ ಏಳಲಿಲ್ಲ. 2023ರಲ್ಲಿ ನಾಲ್ಕೇ ಗೆಲುವು, ಬೆಲಿಚೆಕ್ ಯುಗವೂ ಮುಗಿಯಿತು.

ಈಗ 2025ಕ್ಕೆ ಬನ್ನಿ. ಹಿಂದಿನ ಸೀಸನ್‌ನಲ್ಲಿ ಹದಿನೇಳರಲ್ಲಿ ನಾಲ್ಕೇ ಗೆದ್ದ ತಂಡ, ಹೊಸ ಕೋಚ್ ಮೈಕ್ ವ್ರೇಬಲ್. ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಮೆಕ್‌ಡೇನಿಯಲ್ಸ್ ಅವರನ್ನು ವಾಪಸ್ ಕರೆಸಿ ಆಕ್ರಮಣ ಒಪ್ಪಿಸಿದ್ದು. ಖರೀದಿ ಆಮೇಲೆ. ಹೆರಾಲ್ಡ್ ಲ್ಯಾಂಡ್ರಿ ಟೆನೆಸಿಯಲ್ಲಿ ವರ್ಷಗಳ ಕಾಲ ವ್ರೇಬಲ್ ಕೈಕೆಳಗೆ ಆಡಿದವನು. ಆತನಿಂದ ಏನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಕೋಚ್‌ಗೆ ಮೊದಲೇ ಗೊತ್ತಿತ್ತು. ಅತಿ ದುಬಾರಿ, ರಕ್ಷಣೆಯ ಮುಂಚೂಣಿ ಸಾಲಿನ ಮಿಲ್ಟನ್ ವಿಲಿಯಮ್ಸ್: ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್. ಈಗಲ್ಸ್‌ನಲ್ಲಿ ಸರದಿಯ ಮೇಲೆ ಒಳಗೆ ಹೊರಗೆ ಓಡಾಡುತ್ತಿದ್ದವನಿಗೆ ಇಷ್ಟೊಂದೇ ಎಂದು ಆಗ ನಕ್ಕವರು ಬಹಳ. ಅದಕ್ಕೆ ಒಂದು ತಿಂಗಳ ಹಿಂದೆ, ನ್ಯೂ ಆರ್ಲಿಯನ್ಸ್‌ನ ಸೂಪರ್ ಬೌಲ್‌ನ ಕೊನೆಯ ಕ್ವಾರ್ಟರ್‌ನಲ್ಲಿ, ಈತ ತಡೆಗಾರರನ್ನು ಸೀಳಿಕೊಂಡು ಹೋಗಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಕೈಯಿಂದ ಚೆಂಡು ಬೀಳಿಸಿ, ತಾನೇ ಅದರ ಮೇಲೆ ಬಿದ್ದಿದ್ದ. ಈಗಲ್ಸ್ ಬಳಿ ಅದೇ ಜಾಗಕ್ಕೆ ಜೇಲನ್ ಕಾರ್ಟರ್ ಇದ್ದ, ಜೋರ್ಡನ್ ಡೇವಿಸ್ ಇದ್ದ. ಮೂವರಿಗೂ ಕೊಡುವಷ್ಟು ಜಾಗ ವೇತನ ಮಿತಿಯಲ್ಲಿರಲಿಲ್ಲ, ಬಿಟ್ಟುಕೊಟ್ಟರು. ಕೆಟ್ಟವನೆಂದು ಬಿಟ್ಟ ಆಟಗಾರ ಬೇರೆ, ಜಾಗವಿಲ್ಲದೆ ಬಿಟ್ಟ ಆಟಗಾರ ಬೇರೆ. ಮಾರ್ಚ್ ಮಾರುಕಟ್ಟೆಯಲ್ಲಿ ಇವರಿಬ್ಬರನ್ನು ಬೇರ್ಪಡಿಸಿ ನೋಡುವುದೇ ಅರ್ಧ ಜಾಣತನ.

ಹಣವಂತರು ಎತ್ತಿಕೊಂಡು ಹೋಗುತ್ತಾರೆ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಬಗ್ಗೆ ಹಾಗೆ ಬರೆದಿದ್ದರೆ ತಲೆಯಾಡಿಸುತ್ತಿದ್ದೆ. ಇಲ್ಲಿ ಮೂವತ್ತೆರಡೂ ತಂಡಗಳಿಗೆ ಮಿತಿ ಒಂದೇ, 2025ರಲ್ಲಿ 27.92 ಕೋಟಿ ಡಾಲರ್. ಮಿತಿ ಮೊದಲು ಬಂದ 1994ರಲ್ಲಿ ಅದು 3.46 ಕೋಟಿ. ಒಂದು ವರ್ಷ ಖರ್ಚಾಗದೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. ಪೇಟ್ರಿಯಟ್ಸ್ ಬಳಿ ಜಾಗವಿದ್ದದ್ದಕ್ಕೆ ಮಾಲೀಕರ ಸಿರಿವಂತಿಕೆಗಿಂತ ದೊಡ್ಡ ಕಾರಣ ಡ್ರೇಕ್ ಮೇ. 2024ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಮೂರನೆಯವನಾಗಿ ಆಯ್ಕೆಯಾದ ಈ ಕ್ವಾರ್ಟರ್‌ಬ್ಯಾಕ್‌ಗೆ ನಾಲ್ಕು ವರ್ಷಕ್ಕೆ ಸೇರಿ ಸುಮಾರು 3.66 ಕೋಟಿ ಡಾಲರ್. ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್‌ನ ಒಪ್ಪಂದ ವರ್ಷಕ್ಕೇ ಸರಾಸರಿ 6 ಕೋಟಿ. ಈ ಅಂತರದಲ್ಲಿ ಉಳಿದ ಹಣವೇ ಮಾರ್ಚ್‌ನ ಖರೀದಿ. ಮೇಯ ಮುಂದಿನ ಒಪ್ಪಂದ ಬಂದ ದಿನ ಈ ಕಿಟಕಿ ಮುಚ್ಚುತ್ತದೆ, ಆಮೇಲೆ ಇದೇ ತಂಡ ತನ್ನ ವಿಲಿಯಮ್ಸ್‌ಗಳನ್ನು ಬಿಟ್ಟುಕೊಡಬೇಕಾಗುತ್ತದೆ.

ಪತ್ರಿಕೆಗಳ ತಲೆಬರಹದ ಮೊತ್ತವನ್ನು ಪೂರ್ತಿ ನಂಬಬೇಡಿ ಎಂಬುದೂ ಇಲ್ಲಿ ಹೇಳಬೇಕಾದದ್ದೇ. ಖಾತರಿಯಾಗಿ ಕೈಸೇರುವುದು ಅದರ ಒಂದು ಭಾಗ ಮಾತ್ರ. ಸಹಿ ಹಾಕಿದಾಗ 2 ಕೋಟಿ ಡಾಲರ್ ಬೋನಸ್ ಕೊಟ್ಟರೆ ನಾಲ್ಕು ವರ್ಷದ ಲೆಕ್ಕದಲ್ಲಿ ವರ್ಷಕ್ಕೆ 50 ಲಕ್ಷದಂತೆ ಹಂಚಿ ಬರೆಯುತ್ತಾರೆ. ಎರಡೇ ವರ್ಷಕ್ಕೆ ಆಟಗಾರನನ್ನು ಕೈಬಿಟ್ಟರೆ ಉಳಿದ ಒಂದು ಕೋಟಿ ತಂಡದ ಮಿತಿಯೊಳಗೆ ಬಂದು ಕೂರುತ್ತದೆ, ಆಡದವನ ಹೆಸರಿನಲ್ಲಿ. ಖರೀದಿಯ ಸಂಭ್ರಮದ ಬಿಲ್ ಬರುವುದು ಹೀಗೆ, ತಡವಾಗಿ.

ವಿಚಿತ್ರವೆಂದರೆ ಆ ಮಿತಿ ಕೋಚ್‌ಗಳ ಸಂಬಳಕ್ಕೆ ಅನ್ವಯಿಸುವುದೇ ಇಲ್ಲ. ಎಷ್ಟು ಬೇಕಾದರೂ ಕೊಟ್ಟು, ಎಂಥವರನ್ನು ಬೇಕಾದರೂ ತರಬಹುದಾದ ಜಾಗ ಅದೊಂದೇ. ಕಂಜೂಸುತನವೋ ಉಡಾಫೆಯೋ, 2011ರ ಈಗಲ್ಸ್ ಮತ್ತು 2022ರ ಪೇಟ್ರಿಯಟ್ಸ್ ಎಡವಿದ್ದು ಅಲ್ಲಿಯೇ. ನಮ್ಮ ವರದಿ ‘ಜಾಣ ವ್ಯಾಪಾರ’ ಎಂದದ್ದು ಮೊತ್ತವನ್ನು ನೋಡಿ ಅಲ್ಲ, ಮೊದಲು ಕೋಚ್, ಆಮೇಲೆ ಖರೀದಿ ಎಂಬ ಈ ಕ್ರಮವನ್ನು ನೋಡಿ.

ಫೈನಲ್ ಸೋತರು ಎನ್ನುತ್ತೀರಿ. ಸೋತರು, ಚೆನ್ನಾಗಿಯೇ ಸೋತರು: 2026ರ ಫೆಬ್ರುವರಿ 8, ಸಿಯಾಟಲ್ 29, ಪೇಟ್ರಿಯಟ್ಸ್ 13. ಡ್ರೇಕ್ ಮೇ ಆರು ಬಾರಿ ಸ್ಯಾಕ್ ಆದ. ಅವನ ಎಡಬದಿ ಕಾಯಬೇಕಿದ್ದ ವಿಲ್ ಕ್ಯಾಂಪ್‌ಬೆಲ್ ಅಂದು ಪರದಾಡಿದ. ಆತ ಮಾರ್ಚ್‌ನಲ್ಲಿ ಕೊಂಡ ಆಟಗಾರನಲ್ಲ, ಡ್ರಾಫ್ಟ್‌ನಲ್ಲಿ ತಂಡವೇ ಆರಿಸಿ ತಂದ ಹೊಸಬ. ಇನ್ನು ಗೆದ್ದ ಸಿಯಾಟಲ್‌ನ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್ ಎಲ್ಲಿಂದ ಬಂದವನು? ಅದೇ 2025ರ ಮಾರ್ಚ್ ಮಾರುಕಟ್ಟೆಯಿಂದ, ಮೂರು ವರ್ಷಕ್ಕೆ 10.05 ಕೋಟಿ ಡಾಲರ್‌ಗೆ. ಹಿಂದಿನ ವರ್ಷ ಮಿನೆಸೋಟಾಗೆ ಹದಿನಾಲ್ಕು ಪಂದ್ಯ ಗೆದ್ದುಕೊಟ್ಟವನನ್ನು ಅವರು ಬಿಟ್ಟುಬಿಟ್ಟರು, ಪಕ್ಕದಲ್ಲಿ ಅಗ್ಗದ ಒಪ್ಪಂದದ ಜೆ.ಜೆ. ಮೆಕಾರ್ತಿ ಕಾಯುತ್ತಿದ್ದನೆಂದು. ಸಿಯಾಟಲ್ ಅವನ ಐದನೇ ತಂಡ. ಕೂಪರ್ ಕಪ್, ಡಿಮಾರ್ಕಸ್ ಲಾರೆನ್ಸ್ ಕೂಡ ಅದೇ ಮಾರ್ಚ್‌ನಲ್ಲಿ ಸಿಯಾಟಲ್ ಸೇರಿದವರು. ಖರೀದಿ ಮಾಡಿದವರು ಸೋತರು ಎಂದು ಹೇಳುವ ಮುನ್ನ ಗೆದ್ದವರ ಚೀಟಿಯನ್ನೂ ಒಮ್ಮೆ ನೋಡಬೇಕಿತ್ತು.

ಐಪಿಎಲ್ ಹರಾಜಿನಲ್ಲೂ ಎಲ್ಲರ ಪರ್ಸ್ ಸಮ, 2024ರ ಕೊನೆಯಲ್ಲಿ ಅದು 120 ಕೋಟಿ ರೂಪಾಯಿ. ಅಷ್ಟರ ಮಟ್ಟಿಗೆ ಹೋಲಿಕೆ ಸರಿ. ಆದರೆ ಹರಾಜಿನಲ್ಲಿ ಹೆಚ್ಚು ಕೂಗಿದವರ ಊರಿಗೆ ಆಟಗಾರ ಹೋಗಲೇಬೇಕು. ಫ್ರೀ ಏಜೆಂಟ್, ಅಂದರೆ ಒಪ್ಪಂದ ಮುಗಿದ ಆಟಗಾರ, ತಾನೇ ಊರು ಆರಿಸುತ್ತಾನೆ, ಆ ಹಕ್ಕು ನ್ಯಾಯಾಲಯದ ಮೆಟ್ಟಿಲು ಹತ್ತಿ ಬಂದದ್ದು. ಅದಕ್ಕೆ ಮೊದಲು ಒಪ್ಪಂದ ಮುಗಿದ ಮೇಲೂ ಹಳೆಯ ತಂಡದ ಹಿಡಿತ ಬಿಡುತ್ತಿರಲಿಲ್ಲ. 1992ರಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ ಆಟಗಾರ ಫ್ರೀಮನ್ ಮೆಕ್‌ನೀಲ್ ಮತ್ತು ಸಂಗಡಿಗರ ಪರ ತೀರ್ಪು ಕೊಟ್ಟಿತು. ಬೆನ್ನಿಗೆ ರಕ್ಷಣಾ ಆಟಗಾರ ರೆಗ್ಗಿ ವೈಟ್ ಹೆಸರಿನಲ್ಲಿ ಇನ್ನೊಂದು ದಾವೆ ಬಂದು ಲೀಗ್ ರಾಜಿಗೆ ಇಳಿಯಿತು. 1993ರಲ್ಲಿ ದೊಡ್ಡ ದೊಡ್ಡ ನಗರಗಳು ವೈಟ್‌ಗಾಗಿ ಸಾಲುಗಟ್ಟಿದ್ದಾಗ ಆತ 1.7 ಕೋಟಿ ಡಾಲರ್‌ಗೆ ನಾಲ್ಕು ವರ್ಷದ ಸಹಿ ಹಾಕಿ ಹೋದದ್ದು ಚಳಿಯ ಸಣ್ಣ ಊರು ಗ್ರೀನ್ ಬೇಗೆ. ಆ ನಾಲ್ಕನೆಯ ಸೀಸನ್‌ನಲ್ಲೇ ಗ್ರೀನ್ ಬೇ ಸೂಪರ್ ಬೌಲ್ ಗೆದ್ದಿತು. ಫೈನಲ್‌ನಲ್ಲಿ ವೈಟ್ ಮೂರು ಸ್ಯಾಕ್ ಮಾಡಿದ. ಎದುರಿಗಿದ್ದವರು ಪೇಟ್ರಿಯಟ್ಸ್, ನಿಮಗೆ ಸ್ವಲ್ಪ ಸಮಾಧಾನವಾಗಬಹುದು.

ಕಬಡ್ಡಿಯ ಮಾತಿಗೆ ನನ್ನ ಬಳಿ ಎದುರು ವಾದವಿಲ್ಲ, ಪುಟ ಕಡಿಮೆಯೇ. ಬೆಂಗಳೂರು ಬುಲ್ಸ್ 2024ರಲ್ಲಿ ಪರ್ದೀಪ್ ನರ್ವಾಲ್‌ನನ್ನು 70 ಲಕ್ಷ ರೂಪಾಯಿಗೆ ಕೊಂಡು ಪಟ್ಟಿಯ ತಳ ಸೇರಿತ್ತು. ಮರುವರ್ಷ ಬೆಂಗಾಲ್ ವಾರಿಯರ್ಸ್, ಪುಣೇರಿ ಪಲ್ಟನ್ ಎರಡಕ್ಕೂ ಕಪ್ ಗೆಲ್ಲಿಸಿದ್ದ ನಮ್ಮವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು, ತಂಡ ಪ್ಲೇಆಫ್ ತಲುಪಿತು. ಆ ಒಂದು ವರ್ಷದಲ್ಲಿ ಅಭ್ಯಾಸದ ಅಂಗಳದಲ್ಲಿ ಏನೇನು ಬದಲಾಯಿತು ಎಂದು ಒಳಗಿನಿಂದ ಬಲ್ಲವರು ಬರೆದರೆ ಒಂದೂವರೆಯಲ್ಲ, ಮೂರು ಪುಟ ಕೊಡುತ್ತೇನೆ. ದಾವಣಗೆರೆಯಲ್ಲಿ ಅಂಥವರು ಯಾರಾದರೂ ಇದ್ದರೆ ವಿಳಾಸ ಕಳಿಸಿ.

— ಸಂಪಾದಕ