ಪ್ರಶ್ನೋತ್ತರ: ಸಂಶೋಧನೆಗೆ ಹೊರಟ ಮಕ್ಕಳು, ಜತೆಗಿರಬೇಕಾದ ಕಾಗದಗಳು

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯ ತಾಂಡಾದವರು, ಲಂಬಾಣಿಗಳು. ಕೂಲಿಗೆಂದು ಬಂದು ಗೋವಾದ ಝುವಾರಿನಗರದಲ್ಲಿ ನೆಲೆಸಿ ಇಪ್ಪತ್ತೈದು ವರ್ಷವಾಯಿತು. ಇಲ್ಲೇ ಹುಟ್ಟಿದ ಮಗಳು ಈಗ ಎಂಎಸ್ಸಿ ಓದುತ್ತಿದ್ದಾಳೆ. ದೋನಾ ಪಾವ್ಲಾದ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಬೇಕೆಂಬುದು ಅವಳ ಆಸೆ. 'ಗೋವಾದಲ್ಲಿ ನೀವು ಎಸ್‌ಸಿ ಅಲ್ಲ' ಎಂದು ಕಚೇರಿಯಲ್ಲಿ ಹೇಳಿ ಕಳಿಸಿದರು. ಅವಳು ಜನರಲ್ ಎಂದೇ ಅರ್ಜಿ ಹಾಕಬೇಕೆ?
— ಓದುಗರು, ಝುವಾರಿನಗರ

ಉತ್ತರ: ಬೇಡ, ಖಂಡಿತ ಬೇಡ. ಕಚೇರಿಯವರು ಹೇಳಿದ್ದು ಅರ್ಧ ಮಾತ್ರ ಸರಿ. ಗೋವಾದ ಪಟ್ಟಿಯಲ್ಲಿ ಭಂಗಿ, ಚಾಂಭಾರ್, ಮಹಾರ್, ಮಹ್ಯಾವಂಶಿ, ಮಾಂಗ್ ಎಂಬ ಐದೇ ಜಾತಿಗಳಿವೆ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ (ಎಸ್‌ಸಿ ಅಲ್ಲದ ಬೇರೊಂದು ವರ್ಗ), ಗೋವಾದ ಎಸ್‌ಸಿ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ವಲಸೆ ಹೋದವರು ಹೋದಲ್ಲಿನ ರಾಜ್ಯದ ಮೀಸಲಾತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲಿ, ಮುಂಬೈಯ ವೈದ್ಯಕೀಯ ಕಾಲೇಜೊಂದರ ಸೀಟಿನ ಪ್ರಕರಣದಲ್ಲೇ ಹೇಳಿತು. ಆದರೆ ಕೇಂದ್ರದ ಕೆಲಸ, ಕೇಂದ್ರದ ಸಂಸ್ಥೆ, ಕೇಂದ್ರದ ಫೆಲೋಶಿಪ್‌ಗೆ ಮೂಲ ರಾಜ್ಯದ ಜಾತಿಯೇ ಲೆಕ್ಕ. ನಿಮ್ಮ ಮಗಳು ಸೇರಬಯಸುವ ಸಂಸ್ಥೆ ಸಿಎಸ್‌ಐಆರ್‌ಗೆ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಸೇರಿದ್ದು, ಅಂದರೆ ಕೇಂದ್ರದ್ದು.

ಮೊದಲು ಊರಿನ ನಾಡಕಚೇರಿಯಿಂದ ನಿಮ್ಮ ಹೆಸರಿನ, ಆರ್‌ಡಿ ಸಂಖ್ಯೆಯಿರುವ (ಆನ್‌ಲೈನಿನಲ್ಲಿ ಪರಿಶೀಲಿಸಬಹುದಾದ ಕ್ರಮಸಂಖ್ಯೆ) ಜಾತಿ ಪ್ರಮಾಣಪತ್ರ ತೆಗೆಸಿ. ಅದನ್ನು ತೋರಿಸಿ ಮಗಳಿಗೆ ಕೇಂದ್ರದ ನಮೂನೆಯಲ್ಲಿ ಪ್ರಮಾಣಪತ್ರ ಕೊಡಲು ಗೋವಾದ ಅಧಿಕಾರಿಗೆ ಅವಕಾಶವಿದೆ. ಆ ನಮೂನೆಯಲ್ಲಿ ವಲಸೆ ಬಂದವರಿಗೆಂದೇ ಒಂದು ಪ್ಯಾರಾ ಇದೆ. ತಂದೆಯ ಪ್ರಮಾಣಪತ್ರ ಯಾವ ರಾಜ್ಯದ್ದು, ಯಾರು ಕೊಟ್ಟರು, ಯಾವ ತಾರೀಕು ಎಂದು ಅದರಲ್ಲಿ ತುಂಬುತ್ತಾರೆ. ಅರ್ಜಿಯಲ್ಲಿ 'ಗೋವಾದ ಎಸ್‌ಸಿ ಪ್ರಮಾಣಪತ್ರ' ಎಂದು ಕೇಳಿದರೆ ತಿರಸ್ಕಾರವೇ. 'ತಂದೆಯ ಕರ್ನಾಟಕದ ಪ್ರಮಾಣಪತ್ರದ ಆಧಾರದ ಮೇಲೆ ಕೇಂದ್ರದ ನಮೂನೆಯಲ್ಲಿ' ಎಂದೇ ಬರೆಯಿರಿ.

ಇನ್ನೊಂದು ತೊಡಕು ಅಡ್ಡಹೆಸರಿನದು. ಅಪ್ಪನ ಕಾಗದದಲ್ಲಿ ಲಮಾಣಿ, ಮಗಳ ಶಾಲೆಯಲ್ಲಿ ರಾಠೋಡ ಎಂದಿದ್ದರೆ ಪರಿಶೀಲನೆಯ ದಿನ ಸೀಟು ತೂಗಾಡುತ್ತದೆ. ಅಫಿಡವಿಟ್ಟನ್ನೋ ಗೆಜೆಟ್ ಪ್ರಕಟಣೆಯನ್ನೋ ಈಗಲೇ ಮಾಡಿಸಿಡಿ.

ಆಮೇಲೆ ಸಿಎಸ್‌ಐಆರ್ ನೆಟ್, ವಿಜ್ಞಾನದವರ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಜನರಲ್, ಒಬಿಸಿಗೆ ಕನಿಷ್ಠ ಅಂಕ ಶೇ. 33, ಎಸ್‌ಸಿ, ಎಸ್‌ಟಿಗೆ ಶೇ. 25. ಇದು ಬರೀ ಹೊಸ್ತಿಲು. ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋಶಿಪ್) ಇದಕ್ಕಿಂತ ಸಾಕಷ್ಟು ಮೇಲೇರಬೇಕು. ಪರಿಶಿಷ್ಟ ಜಾತಿಯವರ ರಾಷ್ಟ್ರೀಯ ಫೆಲೋಶಿಪ್ ಬೇಕೆಂದರೆ ನೆಟ್ ಅರ್ಜಿ ತುಂಬುವಾಗಲೇ ಆ ಆಯ್ಕೆಗೆ ಗುರುತು ಹಾಕಿ. ಫಲಿತಾಂಶ ಬಂದ ಮೇಲೆ ಕೇಳಿ ಪ್ರಯೋಜನವಿಲ್ಲ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಮನೆಬಾಡಿಗೆ ಭತ್ಯೆ ಬೇರೆ.

ಪ್ರಶ್ನೆ: ನಾವು ಹೊಲೆಯರು. ಅಜ್ಜ ಸ್ವಾತಂತ್ರ್ಯಕ್ಕೆ ಮುಂಚೆಯೇ ಮುಂಬೈಯ ಗಿರಣಿಗೆ ಸೇರಿದವರು. ಪುಣೆಯ ಬಾರ್ಟಿ ಸಂಸ್ಥೆಯ ಫೆಲೋಶಿಪ್ ನನಗೆ ಸಿಗುತ್ತದೆಯೇ?
— ಓದುಗ, ಧಾರಾವಿ

ಉತ್ತರ: ಬಾರ್ಟಿ ಮಹಾರಾಷ್ಟ್ರ ಸರ್ಕಾರದ ಸಂಸ್ಥೆ, ಅದರ ಫೆಲೋಶಿಪ್ ಆ ರಾಜ್ಯದ ಪರಿಶಿಷ್ಟ ಜಾತಿಯವರಿಗೆ. ನಿಮ್ಮ ಕುಟುಂಬ 1950ರ ಆಗಸ್ಟ್ 10ಕ್ಕೆ ಮುಂಚೆ ಇಲ್ಲಿತ್ತು ಎಂದು ತೋರಿಸಬಲ್ಲಿರಾದರೆ ನೀವು ಮಹಾರಾಷ್ಟ್ರದ್ದೇ ಪರಿಶಿಷ್ಟ ಜಾತಿಯವರು. ಹೊಲೆಯ ಜಾತಿ ಈ ರಾಜ್ಯದ ಪಟ್ಟಿಯಲ್ಲೂ ಇದೆ. (ಪರಿಶಿಷ್ಟ ಪಂಗಡಕ್ಕೆ ಆ ತಾರೀಕು 1950ರ ಸೆಪ್ಟೆಂಬರ್ 6, ವಿಮುಕ್ತ ಜಾತಿಗೆ 1961ರ ನವೆಂಬರ್ 21, ಒಬಿಸಿಗೆ 1967ರ ಅಕ್ಟೋಬರ್ 13.) ಅಜ್ಜನ ಗಿರಣಿ ಕಾರ್ಡು, ಚಾಳಿನ ಬಾಡಿಗೆ ರಸೀದಿ, ದೊಡ್ಡಪ್ಪನೋ ಅತ್ತೆಯೋ ಪಾಲಿಕೆಯ ಕನ್ನಡ ಶಾಲೆಗೆ ಸೇರಿದ್ದರೆ ಆ ರಿಜಿಸ್ಟರಿನ ನಕಲು, ಇವು ಬೆಲೆಬಾಳುವ ದಾಖಲೆಗಳು. ಹಳೆಯ ಟ್ರಂಕನ್ನು ಗುಜರಿಗೆ ಹಾಕುವ ಮುನ್ನ ದಯವಿಟ್ಟು ತೆರೆದು ನೋಡಿ.

ಜಾತಿ ಪ್ರಮಾಣಪತ್ರ ಒಂದೇ ಸಾಲದು. ಮಹಾರಾಷ್ಟ್ರದಲ್ಲಿ ಪರಿಶೀಲನಾ ಸಮಿತಿಯಿಂದ ವ್ಯಾಲಿಡಿಟಿಯನ್ನೂ (ಆ ಪ್ರಮಾಣಪತ್ರ ಸರಿಯೆಂಬ ದೃಢೀಕರಣ) ಪಡೆಯಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು. ಜಾಹೀರಾತು ಬಂದ ಮೇಲೆ ಓಡಾಡುವವರೇ ಹೆಚ್ಚು ಮಂದಿ ಅವಕಾಶ ತಪ್ಪಿಸಿಕೊಳ್ಳುತ್ತಾರೆ. ಎಂಎಸ್ಸಿ ಮೊದಲ ವರ್ಷದಲ್ಲೇ ಅರ್ಜಿ ಕೊಡಿ. ಎರಡು ಫೆಲೋಶಿಪ್‌ಗಳ ಹಣವನ್ನು ಒಟ್ಟಿಗೆ ಪಡೆಯುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ಮೌಲಾನಾ ಆಜಾದ್ ಫೆಲೋಶಿಪ್ ನಂಬಿಕೊಂಡಿದ್ದೆ. ಈಗೇನು ಮಾಡಲಿ?
— ಕಲಬುರಗಿಯ ವಿದ್ಯಾರ್ಥಿನಿ, ಈಗ ಪುಣೆ

ಉತ್ತರ: ಅಲ್ಪಸಂಖ್ಯಾತರಿಗಿದ್ದ ಆ ಯೋಜನೆಗೆ 2022–23ರಿಂದ ಹೊಸ ಆಯ್ಕೆ ನಿಂತಿದೆ. ನಿಂತದ್ದು ದೊಡ್ಡ ನಷ್ಟ, ಅದನ್ನು ತುಂಬುವ ಯೋಜನೆ ಬಂದಿಲ್ಲ. ನಿಮಗುಳಿದ ದಾರಿ ಒಬಿಸಿ. ಪಿಂಜಾರ, ನದಾಫ್ ಮುಂತಾದ ಸಮುದಾಯಗಳ ಹೆಸರು ಕರ್ನಾಟಕಕ್ಕೆಂದು ಕೇಂದ್ರ ಮಾಡಿದ ಒಬಿಸಿ ಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ, ಕೇಂದ್ರದ ನಮೂನೆಯಲ್ಲಿ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರ ಮಾಡಿಸಿ. ರಾಜ್ಯದ ನಮೂನೆ ತಂದವರನ್ನು ವಾಪಸು ಕಳಿಸುತ್ತಾರೆ. ಅದಕ್ಕೆ ಹೆತ್ತವರ ವಾರ್ಷಿಕ ಆದಾಯದ ಮಿತಿ ಎಂಟು ಲಕ್ಷ, ಕೃಷಿ ಆದಾಯವನ್ನು ಅದರಲ್ಲಿ ಸೇರಿಸುವಂತಿಲ್ಲ. ಒಬಿಸಿ ರಾಷ್ಟ್ರೀಯ ಫೆಲೋಶಿಪ್‌ಗೂ ನೆಟ್ ಅರ್ಜಿಯಲ್ಲೇ ಗುರುತು ಹಾಕಬೇಕು.

ಪ್ರಶ್ನೆ: ನಾಲ್ಕು ತಿಂಗಳಿಂದ ಫೆಲೋಶಿಪ್ ಬಂದಿಲ್ಲ. ಕೇಳಿದರೆ ಗೈಡ್ ಜಾತಿ ಎತ್ತಿ ಮಾತಾಡುತ್ತಾರೆ.
— ಹೆಸರು ಬೇಡ, ಪುಣೆ

ಉತ್ತರ: ಎರಡನ್ನೂ ಬೇರೆ ಬೇರೆ ಪತ್ರದಲ್ಲಿ ಬರೆಯಿರಿ. ಒಂದರಲ್ಲೇ ಬರೆದರೆ ಹಣದ ಮಾತಿನಲ್ಲಿ ಅವಮಾನದ ಮಾತು ಮುಚ್ಚಿಹೋಗುತ್ತದೆ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹಣವಾದರೆ ನಿಮ್ಮ ಸಂಸ್ಥೆಯ ಇಬ್ಬರು, ಮೇಕರ್ (ದಾಖಲಿಸುವವರು) ಮತ್ತು ಚೆಕರ್ (ಪರಿಶೀಲಿಸುವವರು), ಪ್ರತಿ ತಿಂಗಳೂ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಯಾವ ತಿಂಗಳಲ್ಲಿ ಯಾರ ಬಳಿ ನಿಂತಿದೆ ಎಂದು ಇ-ಮೇಲ್‌ನಲ್ಲಿ ಕೇಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ. ಎರಡು ವರ್ಷ ಮುಗಿದಿದ್ದರೆ, ಹೊರಗಿನ ತಜ್ಞರೂ ಇರುವ ಮೂವರ ಸಮಿತಿಯ ವರದಿ ಹೋಗಿರಬೇಕು. ಅದು ಹೋಗದೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ದರ ಸಿಗದು.

ಅವಮಾನದ ವಿಷಯದಲ್ಲಿ, ಆಡಿದ ಮಾತನ್ನು ಆಡಿದ ಹಾಗೆಯೇ, ತಾರೀಕು, ಜಾಗ, ಅಲ್ಲಿದ್ದವರ ಹೆಸರು ಸಮೇತ ಅಂದೇ ಬರೆದಿಡಿ. ಯುಜಿಸಿಯ 2012ರ ಸಮಾನತೆ ನಿಯಮಗಳಲ್ಲಿ ತಾರತಮ್ಯ ತಡೆ ಅಧಿಕಾರಿಯ ನೇಮಕವಿದೆ, ದೂರು ಇತ್ಯರ್ಥಕ್ಕೆ 60 ದಿನಗಳ ಗಡುವಿದೆ. ದೂರಿನ ಪ್ರತಿಯನ್ನು ಎಸ್‌ಸಿ-ಎಸ್‌ಟಿ ಘಟಕಕ್ಕೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅಲ್ಲಿ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗಕ್ಕೆ ನೇರವಾಗಿ ಬರೆಯಬಹುದು. ಗೈಡ್ ಬದಲಿಸಬೇಕೆಂದಿದ್ದರೆ ಅದನ್ನೂ ಕೇಳಿ. ಕೇಳುವ ಮೊದಲು ಲ್ಯಾಬ್ ನೋಟ್‌ಬುಕ್ಕಿನ, ದತ್ತಾಂಶದ ಪ್ರತಿ ನಿಮ್ಮ ಬಳಿ ಇರಲಿ.