ಜಿಪ್ಸಿಗೆ ಆಯಿಲ್ ಕೂಲರ್ ಹಾಕಿಸೋದು, ಫಿಲ್ಟರ್ ಜಾಗ ಬದಲಾಯಿಸೋದು – ಎರಡೂ ಮಾಡಿಸಿದವನ ಉತ್ತರ

ನೀವು ಕೇಳಿದ್ದು ಇಷ್ಟು ಅಲ್ವಾ: ಶಿರಸಿಯವ್ರು, ಹಳೇ ಪೆಟ್ರೋಲ್ ಜಿಪ್ಸಿ, ಕುಮಟಾದಿಂದ ಲೋಡ್ ಹಾಕ್ಕೊಂಡು ದೇವಿಮನೆ ಘಟ್ಟ ಹತ್ತಿ ಮೇಲೆ ಬಂದು ನಿಲ್ಲಿಸಿದ್ರೆ ಐಡ್ಲಿಂಗಲ್ಲಿ ಆಯಿಲ್ ಲೈಟ್ ಮಿಣುಕ್ತದೆ, ಅದ್ರ ಮೇಲೆ ಫಿಲ್ಟರ್ ಬಿಚ್ಚೋದು ಪ್ರತಿ ಸಲ ಫಜೀತಿ, ಹಾಗಾಗಿ ಕೂಲರ್ ಹಾಕಿಸುವಾಗ್ಲೇ ಫಿಲ್ಟರನ್ನೂ ಕೈಗೆ ಸಿಗೋ ಕಡೆ ತರಿಸ್ಲಾ ಅಂತ. ನಂದೂ ಜಿಪ್ಸಿನೇ. ಮನೆ ಅಂಕೋಲಾ, ತೋಟ ಯಲ್ಲಾಪುರದ ಹತ್ರ, ವಾರಕ್ಕೆ ಎರಡು ಸಲ ಅರಬೈಲ್ ಘಟ್ಟ ಹತ್ತಿ ಇಳೀತೇನೆ. ನೀವು ಹೇಳಿದ ಎರಡೂ ಕೆಲಸ ಮಾಡಿಸಿ, ಎರಡು ವರ್ಷ ಓಡಿಸಿ, ಅದ್ರಲ್ಲಿ ಒಂದನ್ನ ತೆಗೆಸಿ ಹಾಕಿದೆ. ಕೂಲರ್ ಇವತ್ತಿಗೂ ಇದೆ, ಫಿಲ್ಟರ್ ಮಾತ್ರ ವಾಪಸ್ ಎಂಜಿನ್ ಬ್ಲಾಕಿಗೇ ಹೋಗಿದೆ.

ಆದ್ರೆ ಮಾರಾಯ್ರೆ, ಮೊದ್ಲು ಒಂದು ಮಾತು. ಆಯಿಲ್ ಲೈಟ್ ಹತ್ತೋದು ಬಿಸಿಗಲ್ಲ, ಪ್ರೆಶರ್ ಬಿದ್ರೆ. ಪ್ರೆಶರ್ ಬೀಳೋಕೆ ಬಿಸಿ ಒಂದೇ ಕಾರಣ ಅಂತಿಲ್ಲ, ಬೇರಿಂಗ್ ಸವೆದಿದ್ರೂ ಬೀಳ್ತದೆ, ಪಂಪ್ ಸೋತಿದ್ರೂ ಬೀಳ್ತದೆ, ಯಾರೋ ತೆಳು ಆಯಿಲ್ ಹಾಕಿದ್ರೂ ಬೀಳ್ತದೆ, ಕೆಲವು ಸಲ ಎಂಜಿನ್ ಸರಿಯಾಗೇ ಇದ್ದು ಆ ಲೈಟ್ ಹತ್ತಿಸೋ ಪ್ರೆಶರ್ ಸ್ವಿಚ್ಚೇ ಹಾಳಾಗಿರ್ತದೆ. ಹಾಗಾಗಿ ಕೂಲರ್‌ಗೆ ದುಡ್ಡು ಹಾಕೋ ಮೊದ್ಲು ಗ್ಯಾರೇಜಲ್ಲಿ ಆ ಸ್ವಿಚ್ ಬಿಚ್ಚಿಸಿ ಅದೇ ತೂತಿಗೆ ಮೆಕ್ಯಾನಿಕಲ್ ಪ್ರೆಶರ್ ಗೇಜ್ ಹಾಕಿಸಿ. ಎಂಜಿನ್ ಪೂರ್ತಿ ಕಾದಿರ್ಬೇಕು, ತಣ್ಣಗಿದ್ದಾಗ ಎಂಥ ಮುದುಕ ಎಂಜಿನ್ನೂ ಚೊಲೋ ರೀಡಿಂಗೇ ಕೊಡ್ತದೆ. ಹಳೇ ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ ಏನಂದ್ರೆ ಪ್ರತಿ 1000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) 10 ಪಿಎಸ್‌ಐ (ಪ್ರೆಶರ್ ಅಳತೆ) ಬರ್ಬೇಕು. ನಿಮ್ಮ ಸರ್ವಿಸ್ ಮ್ಯಾನ್ಯುಯಲ್ ಇದ್ರೆ ಅದ್ರಲ್ಲಿರೋ ನಂಬರೇ ಹಿಡೀರಿ. ಆಯಿಲ್ 95 ಡಿಗ್ರಿಯಲ್ಲೇ ಇದ್ದೂ ಪ್ರೆಶರ್ ಇಲ್ಲ ಅಂದ್ರೆ ಸವೆದ ಬೇರಿಂಗನ್ನ ಯಾವ ಕೂಲರ್ರೂ ಸರಿ ಮಾಡೋದಿಲ್ಲ, ಆ ದುಡ್ಡು ಎಂಜಿನ್ ಕೆಲಸಕ್ಕೆ ಇಟ್ಕೊಳ್ಳಿ.

ಎರಡನೇದು ಟೆಂಪರೇಚರ್. ಡ್ಯಾಶ್‌ಬೋರ್ಡಲ್ಲಿ ಇರೋ ಮುಳ್ಳು ಕೂಲಂಟ್‌ದು (ರೇಡಿಯೇಟರ್ ನೀರಿಂದು), ಆಯಿಲ್‌ದಲ್ಲ, ಕೂಲಂಟ್ ನಡುವಲ್ಲೇ ನಿಂತಿದ್ರೂ ಆಯಿಲ್ ಮೇಲೆ ಹೋಗಿರ್ಬಹುದು. ಸಂಪ್‌ನ (ಎಂಜಿನ್ ಕೆಳಗೆ ಆಯಿಲ್ ನಿಲ್ಲೋ ತಟ್ಟೆ) ಡ್ರೈನ್ ಬೋಲ್ಟಿನ ಜಾಗಕ್ಕೆ ಸೆನ್ಸರ್ ಹಾಕಿ ಒಂದು ಗೇಜ್ ಕೂರಿಸ್ಬಹುದು, ನಾನು ಮಾಡಿದ್ದು ಹಾಗೇ. ಅಂಕೋಲಾ–ಕಾರವಾರ ಹೈವೇ 66ರಲ್ಲಿ ಆರಾಮಾಗಿ ಹೋದ್ರೆ 95 ದಾಟ್ತಿರ್ಲಿಲ್ಲ. ಅದೇ ಗಾಡಿ ಏಪ್ರಿಲಲ್ಲಿ ಹಿಂದೆ ಗೊಬ್ಬರದ ಚೀಲ ತುಂಬ್ಕೊಂಡು, ರಾಮನಗುಳಿ ದಾಟಿ, ಅರಬೈಲ್‌ನಲ್ಲಿ ಲಾರಿ ಹಿಂದೆ ಸೆಕೆಂಡ್ ಗೇರಲ್ಲಿ ತೆವಳಿ ಮೇಲೆ ಮುಟ್ಟುವಾಗ 128 ತೋರಿಸ್ತು. ಹತ್ರ ಹತ್ರ 110ರ ತನಕ ನಾನು ತಲೆ ಕೆಡಿಸ್ಕೊಳ್ಳೋದಿಲ್ಲ, 120 ದಾಟಿ ಅಲ್ಲೇ ನಿಲ್ತದೆ ಅಂದ್ರೆ ಕೂಲರ್ ಬೇಕು. ನಿಮ್ಮದು ಅಷ್ಟು ಹೋಗ್ದೇ ಇದ್ರೆ ಬೇಡ, ಕಂಪನಿ ಹೇಳಿದ ಗ್ರೇಡಿನ ಒಳ್ಳೇ ಆಯಿಲ್ ಹಾಕಿ ಬೇಗ ಬೇಗ ಬದಲಿಸಿದ್ರೆ ಸಾಕು. ಗ್ರೇಡ್ ವ್ಯತ್ಯಾಸ ಸಣ್ಣದಲ್ಲ, 100 ಡಿಗ್ರಿಯಲ್ಲಿ 30 ನಂಬರಿನ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ) ಇರ್ತದೆ, 50 ನಂಬರಿಂದು 16.3ರಿಂದ ಶುರು.

ಈಗ ನಮ್ಮ ಘಟ್ಟದ ವಿಷ್ಯ. ಬಿಸಿ ಆಗೋದು ಘಟ್ಟದಲ್ಲಿ, ಅಲ್ಲಿ ಸ್ಪೀಡ್ 20–25, ಆರ್‌ಪಿಎಂ ಜಾಸ್ತಿ, ಎದುರಿಂದ ಗಾಳಿ ಅಂತ ಬರೋದೇ ಇಲ್ಲ. ಬಂಪರ್ ಕೆಳಗೆ ಅಥ್ವಾ ಒಂದು ಪಕ್ಕಕ್ಕೆ ಚೆಂದ ಕಾಣೋ ಹಾಗೆ ಕೂಲರ್ ಕೂರಿಸಿದ್ರೆ ಹೈವೇಯಲ್ಲಿ ತಣ್ಣಗೆ ಮಾಡ್ತದೆ, ಅಲ್ಲಿ ಬೇಕಾಗೇ ಇರ್ಲಿಲ್ಲ. ಅದಕ್ಕೇ ರೇಡಿಯೇಟರ್ ಫ್ಯಾನ್ ಗಾಳಿ ಎಳೆಯೋ ಜಾಗದಲ್ಲೇ, ರೇಡಿಯೇಟರ್ ಮುಂದೆ ಒಂದಿಷ್ಟು ಸಂದಿ ಬಿಟ್ಟು ಕೂರಿಸಿ, ಇಲ್ಲಾಂದ್ರೆ ಕೂಲರ್‌ಗೇ ಬೇರೆ ಚಿಕ್ಕ ಎಲೆಕ್ಟ್ರಿಕ್ ಫ್ಯಾನ್ ಕೊಡಿ. ತುಂಬಾ ದೊಡ್ಡ ಕೂಲರ್ ತಗೋಬೇಡಿ, ರೇಡಿಯೇಟರ್‌ನ ಗಾಳಿ ಅದು ತಿಂದ್ರೆ ಕೂಲಂಟ್ ಏರ್ತದೆ. ಪೈಪ್ ಕೂರೋ ಬಾಯಿ ಮೇಲ್ಮುಖ ಅಥ್ವಾ ಪಕ್ಕಕ್ಕೆ ಇರ್ಲಿ, ಕೆಳಮುಖ ಇಟ್ರೆ ಮೇಲೆ ಗಾಳಿ ಸಿಕ್ಕಿಹಾಕ್ಕೊಳ್ತದೆ. ಬೋಲ್ಟ್ ನೇರ ಬಿಗೀಬೇಡಿ, ರಬ್ಬರ್ ಬುಶ್ ಹಾಕಿ, ನಮ್ಮ ರಸ್ತೆ ಗುದ್ದಿಗೆ ಅಲ್ಯೂಮಿನಿಯಂ ಬಿರುಕು ಬಿಡ್ತದೆ.

ಮತ್ತೆ ಥರ್ಮೋಸ್ಟಾಟ್ ಇಲ್ದೇ ಕೂಲರ್ ಹಾಕ್ಲೇಬೇಡಿ, ಇದನ್ನ ಕೈ ಮುಗಿದು ಹೇಳ್ತೇನೆ. ಆಯಿಲ್ ಕಾಯ್ಲೇಬೇಕು, 80–90 ಮುಟ್ಟದೇ ಇದ್ರೆ ಒಳಗೆ ಸೇರಿದ ನೀರಿನ ಪಸೆ ಆವಿಯಾಗಿ ಹೋಗೋದಿಲ್ಲ. ನಮ್ಮ ಕಡೆ ಜೂನ್‌ನಿಂದ ನಾಲ್ಕು ತಿಂಗಳು ಹವೆಯೇ ನೀರು, ಅದ್ರ ಮೇಲೆ ಪೇಟೆಗೆ ಹಾಲು ಕೊಡೋಕೆ ಎರಡು ಕಿಲೋಮೀಟರ್ ಹೋಗಿ ಬರೋ ಓಡಾಟ. ಆಯಿಲ್ ತುಂಬೋ ಮುಚ್ಚಳ ತೆಗೆದು ನೋಡಿ, ಒಳಮೈಗೆ ಕೆನೆ ಬಣ್ಣದ ಲೋಳೆ ಕೂತಿದ್ರೆ ಅದೇ ಇದು. (ಕೂಲಂಟ್ ಸಹ ಕಮ್ಮಿ ಆಗ್ತಿದ್ರೆ ಮಾತ್ರ ಹೆಡ್ ಗ್ಯಾಸ್ಕೆಟ್ ನೋಡಿಸಿ.) ಬ್ಲಾಕಿಗೂ ಫಿಲ್ಟರಿಗೂ ನಡುವೆ ಕೂರೋ ಸ್ಯಾಂಡ್‌ವಿಚ್ ಪ್ಲೇಟಲ್ಲೇ ಥರ್ಮೋಸ್ಟಾಟ್ ಇರೋದು ಸಿಗ್ತದೆ, ಸುಮಾರು 80 ಡಿಗ್ರಿಗೆ ತೆರೀತದೆ, ಅಲ್ಲಿ ತನಕ ಆಯಿಲ್ ಹೆಚ್ಚಿನದು ಕೂಲರ್‌ಗೆ ಹೋಗದೇ ಎಂಜಿನ್ನಲ್ಲೇ ತಿರುಗ್ತದೆ. ನಂದು ಈಗ ಅದೇ ಲೋಡಿಗೆ ಅರಬೈಲ್ ತುದಿಯಲ್ಲಿ 110ರ ಆಸುಪಾಸು.

ಫಿಲ್ಟರ್ ಜಾಗ ಬದಲಾಯಿಸೋದು ಯಾಕೆ ಬೇಡ ಅಂದೆ ಅಂದ್ರೆ, ಜಾಯಿಂಟ್ ಎಣಿಸಿ ನೋಡಿ. ಪ್ಲೇಟ್ ಮತ್ತೆ ಕೂಲರ್ ಮಾತ್ರ ಆದ್ರೆ ಎರಡು ಪೈಪ್, ನಾಲ್ಕು ತುದಿ. ಫಿಲ್ಟರನ್ನೂ ಹೊರಗೆ ತಂದು, ಆಗ ಥರ್ಮೋಸ್ಟಾಟ್ ಬೇರೆ ಹಾಕ್ಬೇಕಾಗ್ತದೆ ನೋಡಿ, ಐದು ಪೈಪ್, ಹತ್ತು ತುದಿ. ಹತ್ರಲ್ಲಿ ಒಂದು ಬಿಟ್ರೂ ಎಂಜಿನ್ ಸತ್ತ ಹಾಗೇ. ವರ್ಷಕ್ಕೆ ಎರಡು ಸಲ ಕೈ ಕೊಳೆ ಆಗೋದನ್ನ ತಪ್ಪಿಸೋಕೆ ಇಷ್ಟು ದೊಡ್ಡ ಬೆಲೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಆದ್ರೂ ಮಾಡಿಸ್ತೇನೆ ಅಂದ್ರೆ ಇದೊಂದು ಪೂರ್ತಿ ಓದಿ.

ಕೂಲರ್‌ಗೆ ದಿಕ್ಕಿಲ್ಲ, ಯಾವ ಬಾಯಿಂದ ಹೋದ್ರೂ ಆಗ್ತದೆ. ಫಿಲ್ಟರ್‌ಗೆ ದಿಕ್ಕಿದೆ. ಫಿಲ್ಟರ್ ತಿರುಗಿಸಿ ನೋಡಿ, ಅಂಚಿನ ಸುತ್ತ ಚಿಕ್ಕ ತೂತುಗಳು, ನಡುವಲ್ಲಿ ತ್ರೆಡ್ ಇರೋ ದೊಡ್ಡದು. ಪಂಪಿನ ಆಯಿಲ್ ಅಂಚಿನ ತೂತಲ್ಲಿ ಒಳಗೆ ಹೋಗಿ ನಡುವಿಂದ ಹೊರಗೆ ಬರ್ಬೇಕು. ಆ ಅಂಚಿನ ತೂತುಗಳಿಗೆ ಒಳಗಡೆಯಿಂದ ಒಂದು ರಬ್ಬರ್ ಪದರ ಅಂಟ್ಕೊಂಡಿರ್ತದೆ, ಗಾಡಿ ನಿಂತಾಗ ಆಯಿಲ್ ಸಂಪಿಗೆ ಸೋರಿ ಹೋಗದ ಹಾಗೆ. ಪೈಪ್ ಅದಲು ಬದಲು ಆದ್ರೆ ಆಯಿಲ್ ನಡುವಿಂದ ನುಗ್ಗಿ ಇದೇ ರಬ್ಬರನ್ನ ಒತ್ತಿ ಮುಚ್ಚಿಬಿಡ್ತದೆ, ಎಂಜಿನ್‌ಗೆ ಒಂದು ಹನಿ ಇಲ್ಲ. ನನ್ನ ಗಾಡಿಗೆ ಆಗಿದ್ದೇ ಇದು. ಪೈಪ್ ಸೇರಿಸಿದವನು ನಾನೇ, ಪೈಪ್ ಸಿಕ್ಕಿಸೋ ತುಂಡಿನ (ಅಡಾಪ್ಟರ್) ಮೇಲಿನ ಗುರುತು ಕೆಳಗಡೆ ಹೋಗಿ ಕಾಣ್ತಿರ್ಲಿಲ್ಲ, ಅಂದಾಜಲ್ಲಿ ಸೇರಿಸಿದೆ. ಪುಣ್ಯಕ್ಕೆ ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು ಬರೀ ಸ್ಟಾರ್ಟರ್ ತಿರುಗಿಸಿ ನೋಡಿದ್ದು. ಹತ್ತು ಹತ್ತು ಸೆಕೆಂಡ್ ಮೂರು ಸಲ ತಿರುಗಿಸಿದ್ರೂ ಗೇಜ್ ಮುಳ್ಳು ಅಲ್ಲಾಡ್ಲಿಲ್ಲ. ವಾಪಸ್ ಹೋಗೋ ಪೈಪ್ ಸಡಿಲ ಮಾಡಿದ್ರೆ ಒಳಗೆ ಒಣ. ಪ್ಲಗ್ ಹಾಕಿ ನೇರ ಸ್ಟಾರ್ಟ್ ಮಾಡಿದ್ರೆ ಅವತ್ತೇ ಕ್ರ್ಯಾಂಕ್ ಹಿಡ್ಕೊಳ್ತಿತ್ತು. ನೀವು ಗುರುತು ನಂಬ್ಬೇಡಿ, ಅಡಾಪ್ಟರ್ ಕೈಯಲ್ಲಿರುವಾಗ್ಲೇ ಒಂದು ಬಾಯಿಗೆ ಗಾಳಿ ಊದಿ ಬೆರಳಿಟ್ಟು ನೋಡಿ, ಯಾವುದು ಅಂಚಿಗೆ ಬರ್ತದೆ ಯಾವುದು ನಡುವಿಗೆ ಅಂತ ಮಾರ್ಕರ್ ಪೆನ್ನಲ್ಲಿ ಬರ್ಕೊಳ್ಳಿ.

ಪೈಪ್ ವಿಷ್ಯದಲ್ಲಿ ಎಲ್ರೂ ತಪ್ಪೋದು ಎರಡು ಕಡೆ. ಜೆಸಿಬಿಗೆ ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡೋ ಅಂಗಡಿಗೆ ಹೋದ್ರೆ ತಟ್ಟನೆ ಮಾಡ್ಕೊಡ್ತಾರೆ, ಪ್ರೆಶರ್ ತಡೆಯೋದ್ರಲ್ಲಿ ಅದಕ್ಕೇನೂ ತೊಂದ್ರೆ ಇಲ್ಲ, ಆದ್ರೆ ಮಾಮೂಲಿ ಆರ್1 ದರ್ಜೆಯ ಹೈಡ್ರಾಲಿಕ್ ಹೋಸ್ ಇರೋದೇ 100 ಡಿಗ್ರಿಗೆ, ನಿಮ್ಮ ಆಯಿಲ್ 120 ಹೋಗ್ತದೆ ಅಂತಲೇ ಅಲ್ವಾ ಈ ಕೆಲಸ ಮಾಡಿಸ್ತಿರೋದು. 125 ಡಿಗ್ರಿಗಿಂತ ಮೇಲೆ ತಡೆಯೋದು ಅಂತ ಕೇಳಿ ತಗೊಳ್ಳಿ, ಒಳಗಿನ ತೂತು ಅರ್ಧ ಇಂಚಿಗಿಂತ ಕಮ್ಮಿ ಬೇಡ. ಎರಡನೇದು ತಿಕ್ಕೋದು. ಹೊಳೆಯೋ ಸ್ಟೀಲ್ ಬಲೆ ಹೆಣೆದ ಹೋಸ್ ಗಟ್ಟಿ ಅಂತ ಕಾಣ್ತದೆ, ಅದು ನಿಜವಾಗಿ ಅರ ಇದ್ದ ಹಾಗೆ, ಪಕ್ಕದಲ್ಲಿ ಇರೋದನ್ನ ಕೊರೀತದೆ. ನನ್ನ ಎರಡು ಪೈಪ್ ಫಿಲ್ಟರ್ ಹತ್ರ ಒಂದಕ್ಕೊಂದು ತಾಗಿ, ಒಂದು ಸ್ಟೀಲ್ ಬಲೆದು ಇನ್ನೊಂದು ಬರೀ ರಬ್ಬರ್, ಎರಡು ವರ್ಷ ತಿಕ್ಕಿ ತಿಕ್ಕಿ ರಬ್ಬರ್‌ದು ಸೂಜಿ ಮೊನೆಯಷ್ಟು ತೂತಾಯ್ತು. ಜುಲೈ ಮಳೆ, ಅರಬೈಲ್‌ನಲ್ಲಿ ಅರ್ಧ ಹತ್ತಿದೀನಿ, ಸುಟ್ಟ ಎಣ್ಣೆ ವಾಸನೆ ಬಂತು, ಬಾನೆಟ್ ಸಂದಿಯಿಂದ ನೀಲಿ ಹೊಗೆ, ಲೈಟ್ ಹತ್ತಿದ್ದೇ ತಡ ಕೀ ಆಫ್ ಮಾಡಿ ಗಟಾರದ ಪಕ್ಕ ನಿಲ್ಲಿಸಿದೆ. ಬಾನೆಟ್ ಎತ್ತಿದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆಲ್ಲ ಎಣ್ಣೆ. ಬೆಂಕಿ ಹತ್ತದೇ ಇದ್ದಿದ್ದು ದೇವರ ದಯೆ ಅಂತಲೇ ಇವತ್ತಿಗೂ ಅಂದ್ಕೊಂಡಿದೀನಿ. ಫಿಲ್ಟರ್ ವಾಪಸ್ ಬ್ಲಾಕಿಗೆ ಹೋಗಿದ್ದು ಆ ವಾರ. ಪೈಪ್ ಎಲ್ಲೆಲ್ಲಿ ಹಾಯ್ತದೋ ಅಲ್ಲೆಲ್ಲ ರಬ್ಬರ್ ಇರೋ ಕ್ಲಾಂಪ್ ಹಾಕಿ, ಎಕ್ಸಾಸ್ಟ್‌ನಿಂದ ದೂರ ಇಡಿ, ಎಂಜಿನ್ ಅಲ್ಲಾಡೋದಕ್ಕೆ ಒಂದಿಷ್ಟು ಸಡಿಲ ಬಿಡಿ, ಮತ್ತೆ ಕೂಲರಿನ ಎರಡೂ ಹೋಸನ್ನ ಒಂದಕ್ಕೊಂದು ಸೇರಿಸೋ ಒಂದು ಜೋಡಣೆ ತುಂಡು ಡಿಕ್ಕಿಯಲ್ಲಿ ಇಟ್ಕೊಳ್ಳಿ, ಕೂಲರ್ ಒಡೆದ್ರೆ ಅದನ್ನ ಬಿಟ್ಟು ಮನೆಗೆ ಬರ್ಬಹುದು, ಜೊತೆಗೆ ಎರಡು ಲೀಟರ್ ಆಯಿಲ್.

ಪ್ಲೇಟ್ ತರಿಸುವಾಗ ತ್ರೆಡ್ ಅಳತೆ ಮಾಡಿಸಿ. ಎಂ20 ಅಂದ್ರೆ 20 ಮಿಲಿಮೀಟರ್, 1.5ರ ಪಿಚ್ (ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ಅಂತರ). ಮುಕ್ಕಾಲು ಇಂಚಿಂದು 19.05 ಮಿಲಿಮೀಟರ್, ಇಂಚಿಗೆ 16 ಸುತ್ತು. ಕಣ್ಣಿಗೆ ಎರಡೂ ಒಂದೇ. ಎಂ20ರ ಹೆಣ್ಣು ತ್ರೆಡ್ಡನ್ನ ಮುಕ್ಕಾಲು ಇಂಚಿನ ಗಂಡಿಗೆ ತಿರುಗಿಸಿದ್ರೆ ಗಡಗಡ ಸಡಿಲ ಕೂತು ಒಂದಿಷ್ಟು ಸುತ್ತು ಹೋಗಿ ಹಿಡ್ಕೊಳ್ತದೆ, ಬಿಗಿಯಾಯ್ತು ಅಂತ ಅನ್ನಿಸ್ತದೆ, ಆಗಿರೋದಿಲ್ಲ. ಸೂಕ್ಷ್ಮ ಅಳತೆ ತೆಗೆಯೋ ವರ್ನಿಯರ್ ಇಲ್ಲದ ಗ್ಯಾರೇಜಲ್ಲಿ ಈ ಕೆಲಸ ಬೇಡ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿ ಉಳಿದಿದ್ಯಾ ಬೆರಳಾಡಿಸಿ ನೋಡಿ, ಎರಡು ರಿಂಗ್ ಆದ್ರೆ ಸ್ಟಾರ್ಟ್ ಮಾಡಿದ ಕೂಡ್ಲೇ ಕಾರಂಜಿ. ಪ್ಲೇಟ್ ಸೇರಿದ್ರೆ ಫಿಲ್ಟರ್ ಅಷ್ಟು ಕೆಳಗೆ ಬರ್ತದೆ, ಜಾಗ ಇದ್ಯಾ ಮೊದ್ಲೇ ನೋಡಿ. ಹೋಸ್ ಬಿಗಿಯುವಾಗ ಎರಡು ಸ್ಪ್ಯಾನರ್, ಒಂದರಲ್ಲಿ ಪ್ಲೇಟಿನ ಕಡೆ ಹಿಡ್ಕೊಂಡು ಇನ್ನೊಂದರಲ್ಲಿ ತಿರುಗಿಸಿ. ಕೋನದಲ್ಲಿ ಕೂರೋ ಫ್ಲೇರ್ ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಚೂರು ಹರಿದು ಆಯಿಲ್ ದಾರಿಗೆ ಹೋಗ್ತದೆ. ಹೊಸ ಹೋಸ್ ಒಳಗೆ ಕತ್ತರಿಸಿದ ರಬ್ಬರ್ ಪುಡಿ ಇರ್ತದೆ, ತೊಳೆದು ಗಾಳಿ ಹೊಡೆಸಿ. ಗುಜರಿಯ ಕೂಲರ್ ಅಗ್ಗಕ್ಕೆ ಸಿಕ್ತದೆ ಅಂತ ತರಬೇಡಿ, ಸತ್ತ ಎಂಜಿನ್ನಿನ ಲೋಹದ ಪುಡಿ ಅದ್ರ ಸಂದಿಯಲ್ಲಿ ಕೂತಿರ್ತದೆ, ಎಷ್ಟು ತೊಳೆದ್ರೂ ಪೂರ್ತಿ ಬರೋದಿಲ್ಲ.

ಕೊನೆಗೆ ಕೂಲರಿಗೂ ಫಿಲ್ಟರಿಗೂ ಆಯಿಲ್ ತುಂಬಿ, ನಾನು ಹೇಳಿದ ಹಾಗೆ ಪ್ಲಗ್ ಬಿಚ್ಚಿ ಸ್ಟಾರ್ಟರ್ ತಿರುಗಿಸಿ, ಗೇಜಿಗೆ ಪ್ರೆಶರ್ ಬಂದ್ಮೇಲೆನೇ ಸ್ಟಾರ್ಟ್ ಮಾಡಿ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ ತುಂಬಿ, ನಂದು ಮುಂಚಿನ ಅಳತೆಗಿಂತ ಮುಕ್ಕಾಲು ಲೀಟರ್ ಜಾಸ್ತಿ ಹಿಡೀತು. ಒಂದು ಸಲ ಘಟ್ಟ ಹತ್ತಿ ಇಳಿದು ಬಂದು ತಣ್ಣಗಾದ್ಮೇಲೆ ಎಲ್ಲಾ ಜಾಯಿಂಟ್ ಮತ್ತೆ ಮುಟ್ಟಿ ನೋಡಿ. ಘಟ್ಟದ ಕೆಳಗಿನವರಿಗೆ ಉಪ್ಪು ಗಾಳಿ, ಮೇಲಿನವರಿಗೆ ಕೆಂಪು ಕೆಸರು, ಕೂಲರ್ ರೆಕ್ಕೆ ಮುಚ್ಚೋಕೆ ಎರಡೂ ಸಾಕು, ತಿಂಗಳಿಗೊಮ್ಮೆ ಹಿಂದಿಂದ ಸಾದಾ ಪೈಪಿನ ನೀರು ಬಿಡಿ, ಪ್ರೆಶರ್ ವಾಶ್ ಬೇಡ, ರೆಕ್ಕೆ ಮಡಚಿ ಹೋಗ್ತದೆ.

ಮೊದ್ಲು ಎರಡೂ ಗೇಜ್ ಹಾಕಿ ದೇವಿಮನೆ ಒಂದು ಸಲ ಹತ್ತಿ, ರಾಗಿಹೊಸಳ್ಳಿ ಹತ್ರ ನಿಲ್ಲಿಸಿ ಐಡ್ಲಿಂಗಲ್ಲಿ ಪ್ರೆಶರ್ ಎಷ್ಟು, ಆಯಿಲ್ ಟೆಂಪರೇಚರ್ ಎಷ್ಟು ಬಂತು, ಈಗ ಒಳಗಿರೋ ಆಯಿಲ್ ಯಾವ ಗ್ರೇಡ್ ಅಂತ ಇಲ್ಲೇ ಕೆಳಗೆ ಬರೀರಿ, ಕೂಲರ್ ಬೇಕಾ ಬೇಡ್ವಾ ಅಂತ ಅದನ್ನ ನೋಡಿ ಹೇಳ್ತೇನೆ.